ಓನರ್ ಕಣ್ಣಿಗೆ ಬಿದ್ದ ಬ್ಲಾಗು

ಪುಸ್ತಕಗಳ ಬಗ್ಗೆ ಬ್ಲಾಗು ಬರೆಯುವವರಿಗೆ ಇರುವ ಒಂದೇ ಧೈರ್ಯವೆಂದರೆ ಅದನ್ನು ಯಾರೂ ಓದುವುದಿಲ್ಲ ಎನ್ನುವುದು. ಈ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಬರೆದುಕೊಂಡು ಬಂದೆ. ಯಾಕೆ ಬರೆಯುತ್ತೀರಿ ಎಂದು ಯಾರಾದರೂ ಕೇಳಿದರೆ, ಓದಿದ್ದು ಮರೆಯಬಾರದಲ್ಲ, ಅದಕ್ಕೆ ಎನ್ನುತ್ತಿದ್ದೆ. ಹಾಗೆನ್ನುತ್ತಲೇ ಗಳಿಗೆಗೊಮ್ಮೆ ಎಷ್ಟು ಜನ ನೋಡಿದರು ಎಂದು ಇಣುಕುತ್ತಿದ್ದೆ. ನೋಡಿದವರಲ್ಲಿ ಅರ್ಧ ನಾನೇ. ಒಮ್ಮೆ ಆಫೀಸಿನ ಕಂಪ್ಯೂಟರಿನಿಂದ, ಒಮ್ಮೆ ನನ್ನ ಫೋನಿನಿಂದ, ಒಮ್ಮೆ ನಮ್ಮ ಮನೆಯವರ ಫೋನಿನಿಂದ. ಉಳಿದರ್ಧ ಗದಗಿನಲ್ಲಿರುವ ನನ್ನ ತಂಗಿ. ಅವಳು ತೆರೆಯುತ್ತಾಳೆ, ಓದುವುದಿಲ್ಲ, 'ಮಸ್ತ್ ಬರದೀ ಅಕ್ಕಾ' ಎಂದು ಕಳಿಸುತ್ತಾಳೆ.

ನಾವಿರುವುದು ಕೋಗಿಲಿನಲ್ಲಿ, ಮುನಿರಾಜಪ್ಪನವರ ಮನೆಯ ಮಹಡಿಯ ಮೇಲೆ. ನಾನು ಯಲಹಂಕದ ಒಂದು ಕಾಲೇಜಿನ ಆಫೀಸಿಗೆ ಹೋಗುತ್ತೇನೆ, ಇವರು ದಾಸರಹಳ್ಳಿ ಕಡೆಯ ಒಂದು ಕಾರ್ಖಾನೆಗೆ. ಮುನಿರಾಜಪ್ಪನವರದ್ದು ಊರಿನ ಹಳೆಯ ಮನೆತನ. ನಾವು ಕ್ರಾಸು, ಮೇನು ಎಂದು ಕರೆಯುವುದೆಲ್ಲ ಅವರ ಬಾಯಲ್ಲಿ ಇನ್ನೂ ಯಾರದೋ ರಾಗಿ ಹೊಲ, ಯಾರದೋ ದ್ರಾಕ್ಷಿ ತೋಟ. ಒಳ್ಳೆಯ ಮನೆ, ಗಾಳಿ ಬೆಳಕು ಚೆನ್ನಾಗಿದೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಪುಸ್ತಕಗಳಿಗೆ ಜಾಗವಿದೆ. ಹಿಂದಿನ ಮನೆ ಖಾಲಿ ಮಾಡಿದಾಗ ಟೆಂಪೋದವನು ಪುಸ್ತಕದ ಪೆಟ್ಟಿಗೆ ಎತ್ತಲಾರದೆ ಕೆಳಗಿಟ್ಟು, ಒಳಗೆ ಕಲ್ಲು ತುಂಬಿದ್ದೀರಾ ಎಂದು ಕೇಳಿದ್ದ. ಇನ್ನೊಂದು ಸಲ ಮನೆ ಬದಲಾಯಿಸುವುದಾದರೆ ಪುಸ್ತಕ ಇಲ್ಲವೇ ನಾನು, ಇಬ್ಬರಲ್ಲಿ ಒಬ್ಬರು ಮಾತ್ರ ಬರಬಹುದು ಎಂದು ಇವರು ಅವತ್ತೇ ಹೇಳಿಬಿಟ್ಟಿದ್ದಾರೆ. ಅದು ತಮಾಷೆಯಲ್ಲ ಎಂದು ನನಗೆ ಗೊತ್ತು.

ಇನ್ನು ನನ್ನ ಚಾಳಿಯ ವಿಷಯ. ಪುಸ್ತಕದ ಬಗ್ಗೆ ಬರೆಯಲು ಕೂತರೆ ಮನೆಯ ಬಗ್ಗೆ ಶುರುವಾಗುತ್ತದೆ. ನಲ್ಲಿ ನಿಂತದ್ದು, ಹಾಲು ಉಕ್ಕಿದ್ದು, ಅದರ ನಡುವೆ ಓದಿದ್ದು. ಕಳೆದ ತಿಂಗಳು ಒಂದು ದಪ್ಪ ಕಾದಂಬರಿಯ ಬಗ್ಗೆ ಬರೆಯುವಾಗ ಅದರೊಳಗಿನ ಜಮೀನ್ದಾರನನ್ನು ವರ್ಣಿಸುವ ಸೋಮಾರಿತನಕ್ಕೆ 'ಥೇಟ್ ನಮ್ಮ ಓನರ್' ಎಂದು ಬರೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಕೈ ನಿಲ್ಲಲಿಲ್ಲ. ಟ್ಯಾಂಕ್ ನೋಡುವ ನೆಪದಲ್ಲಿ ಮೇಲೆ ಬಂದು ಓರೆಗಣ್ಣಿನಲ್ಲಿ ನಮ್ಮ ಬಾಗಿಲ ಮುಂದಿನ ಚಪ್ಪಲಿ ಎಣಿಸುವುದು, ಎರಡು ಜೊತೆ ಹೆಚ್ಚಿದ್ದರೆ 'ಊರಿಂದ ಬಂದವ್ರಾ?' ಎಂದು ಕೆಮ್ಮುವುದು, ಮೋಟರಿನ ಸ್ವಿಚ್ಚನ್ನು ಮನೆದೇವರಂತೆ ಕಾಯುವುದು, ಎಲ್ಲವನ್ನೂ ಬರೆದೆ. ಬಹಳ ಚೆನ್ನಾಗಿ ಬಂದಿದೆ ಅನ್ನಿಸಿ ಎಂದಿನಂತೆ ಅದರ ಲಿಂಕನ್ನು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದೆ.

ಸಂಜೆ ಬಸ್ಸಿನಲ್ಲಿ ಕೂತು ಯಾರು ಯಾರು ನೋಡಿದರೆಂದು ನೋಡುತ್ತೇನೆ, ತಂಗಿಯ ಹೆಸರಿನ ಕೆಳಗೆ 'ಓನರ್ ನೀರು' ಎಂದಿದೆ. ನೀರು ಬರದಿದ್ದಾಗ ಮಾತ್ರ ಫೋನ್ ಮಾಡುವುದರಿಂದ ಅವರ ನಂಬರನ್ನು ಹಾಗೆ ಉಳಿಸಿಕೊಂಡಿದ್ದೆ. ಅವರ ಮಗಳು ವಾಟ್ಸಾಪ್ ಇರುವ ಹೊಸ ಫೋನ್ ಕೊಡಿಸಿದ್ದು ನನಗೆ ತಿಳಿದಿರಲಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯುತ್ತಿದ್ದುದು ಅದೇ ತಿಂಗಳು. ಮನೆಗೆ ಬಂದು ಇವರಿಗೆ ಹೇಳಿದರೆ, ಊಟದ ತಟ್ಟೆಯಿಂದ ತಲೆಯೆತ್ತದೆ, "ಅಳಿಸಿ ಒಗದಬಿಡು ಅತ್ತಾಗ," ಎಂದರು.

ಅಳಿಸಲು ಮನಸ್ಸಾಗಲಿಲ್ಲ, ತಿದ್ದಲು ಕೂತೆ. ಓನರಿಗೆ ಸಂಬಂಧಿಸಿದ್ದನ್ನೆಲ್ಲ ತೆಗೆದೆ, ಉಳಿದ ನಲ್ಲಿ, ಹಾಲುಗಳನ್ನೂ ತೆಗೆದೆ. ಕೊನೆಗೆ ಉಳಿದದ್ದು ಮೂರು ವಾಕ್ಯ. ಕಾದಂಬರಿ ದಪ್ಪವಾಗಿದೆ, ಮುಖಪುಟ ಚೆನ್ನಾಗಿದೆ, ಎಲ್ಲರೂ ಓದಲೇಬೇಕು. ಅದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಇದಕ್ಕೊಂದು ಬ್ಲಾಗು ಬೇಕೇ, ಮುಚ್ಚಿದರೆ ಯಾರಿಗೆ ನಷ್ಟ ಎಂದು ಬಹಳ ಹೊತ್ತು ಯೋಚಿಸಿದೆ. ಇನ್ನು ಮುಂದೆ ಬರೆದರೆ ಗಂಭೀರವಾಗಿ, ಪುಸ್ತಕದ ಬಗ್ಗೆ ಮಾತ್ರ ಎಂದು ತೀರ್ಮಾನಿಸಿದೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಮೋಟರ್ ಬೇಗ ನಿಂತರೆ ಅದು ಸಿಟ್ಟು, ತಡವಾಗಿ ನಿಂತರೆ ವ್ಯಂಗ್ಯ. ಗೇಟಿನ ಹತ್ತಿರ ಎದುರಾದ ಓನರ್ ಊಟ ಆಯ್ತಾ ಎಂದು ಕೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಚಪ್ಪಲಿಗಳನ್ನು ಒಳಗೆ, ಮಂಚದ ಕೆಳಗೆ ಇಡಲು ಶುರು ಮಾಡಿದೆ. ಪಕ್ಕದ ರಸ್ತೆಯಲ್ಲಿ 'ಟು ಲೆಟ್' ಬೋರ್ಡು ಕಂಡರೂ ನಮ್ಮ ಮನೆಯದ್ದೇ ಅನ್ನಿಸಿ ಹತ್ತಿರ ಹೋಗಿ ಫೋನ್ ನಂಬರ್ ಓದಿ ಬರುತ್ತಿದ್ದೆ.

ಒಂದು ಭಾನುವಾರ ಮುನಿರಾಜಪ್ಪನವರು ಅಗ್ರಿಮೆಂಟಿನ ಕಾಗದ ಹಿಡಿದು ಮೇಲೆ ಬಂದರು. ಕಾಫಿ ಕೊಟ್ಟೆ. ಕುಡಿದು ಲೋಟ ಇಟ್ಟು, "ನಮ್ ಬಗ್ಗೆ ಬರ್ದಿದ್ರಲ್ಲ ಕಣಮ್ಮ, ಅದೆಲ್ಲೋಯ್ತು? ನಮ್ ತಮ್ಮುಂಗೆ ತೋರ್ಸನಾ ಅಂತ ತೆಗುದ್ರೆ ಇಲ್ವೇ ಇಲ್ಲ," ಎಂದರು. ಏನೋ ಟೆಕ್ನಿಕಲ್ ಪ್ರಾಬ್ಲಂ ಎಂದು ತೊದಲಿದೆ. ಚಪ್ಪಲಿ ಎಣಿಸುವುದು ನಿಜ ಎಂದು ಅವರೇ ಒಪ್ಪಿಕೊಂಡರು. ಮೇಲೆ ಎಷ್ಟು ಜನ ಇದ್ದಾರೆಂದು ಗೊತ್ತಾಗದೆ ಮೋಟರ್ ಎಷ್ಟು ಹೊತ್ತು ಬಿಡಬೇಕೆಂದು ಹೇಗೆ ತಿಳಿಯುವುದು ಎಂದು ನನ್ನನ್ನೇ ಕೇಳಿದರು. ಈಚೆಗೆ ಚಪ್ಪಲಿಯೇ ಕಾಣುತ್ತಿಲ್ಲ, ಊರಿಗೆ ಹೋಗಿದ್ದೀರೇನೋ ಎಂದು ನೀರು ಕಮ್ಮಿ ಬಿಟ್ಟೆ ಎಂದೂ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಜೊತೆಗೆ ಮನಸ್ಸೂ ಹಗುರವಾಯಿತು.

ಅಷ್ಟರಲ್ಲಿ ಅವರು ಕನ್ನಡಕ ಏರಿಸಿ, ಪೆನ್ನು ತೆಗೆದು, ಸಹಿ ಹಾಕುವ ಮುನ್ನ ತಡೆದರು. "ಒಂದ್ ಕೇಳ್ತೀನಿ, ತೆಪ್ಪು ತಿಳ್ಕಬ್ಯಾಡಿ. ಪುಸ್ತಕದಾಗೆ ನನ್ನಂಗೇ ಒಬ್ಬ ಜಮೀನ್ದಾರ ಅವ್ನೆ ಅಂದ್ರಲ್ಲ, ಅವ್ನು ಕೊನೀಗೆ ಏನಾದ? ಎಲ್ಡು ಸಲ ಓದ್ದೆ, ಅದೊಂದ್ನೇ ನೀವು ಬರ್ದಿಲ್ಲ."

ನೆನಪಿಸಿಕೊಂಡೆ. ಅವನಿಗೊಂದು ಕುದುರೆ ಇತ್ತು. ಅವನಿಗೋ, ಅವನ ಅಳಿಯನಿಗೋ. ಯಾರೋ ಬಾವಿಗೆ ಬಿದ್ದರು. ಅದು ಅವನೇ ಇರಬಹುದು, ಬೇರೆ ಪುಸ್ತಕವೂ ಇರಬಹುದು. ಕೊನೆ ಏನೆಂದು ಮೊದಲೇ ಹೇಳಿಬಿಟ್ಟರೆ ಓದುವ ಮಜಾ ಹೋಗುತ್ತದೆ ಎಂದು ಹೇಗೋ ಜಾರಿಕೊಂಡೆ. ಅದೂ ಸರಿಯೇ ಎಂದು ಅವರು ಪುಸ್ತಕ ಕೇಳಿ ತೆಗೆದುಕೊಂಡರು. ಸಹಿ ಹಾಕದ ಅಗ್ರಿಮೆಂಟನ್ನು ಗುರುತಿಗಿರಲಿ ಎಂದು ಮೊದಲನೇ ಪುಟದಲ್ಲಿಟ್ಟು, ಓದಿ ಎರಡನ್ನೂ ಒಟ್ಟಿಗೆ ಕೊಡುತ್ತೇನೆ ಎಂದು ಇಳಿದು ಹೋದರು.

ಈಗ ಅರ್ಧಕ್ಕೆ ಬಂದಿದ್ದಾರಂತೆ. ನಿಧಾನವಾಗಿ, ಒಂದು ಸಾಲೂ ಬಿಡದೆ ಓದುತ್ತಿದ್ದಾರೆ. ಬ್ಲಾಗಿನಲ್ಲಿ ಮನೆಯ ಬದಲು ಕತೆಯನ್ನೇ ಬರೆದಿಟ್ಟಿದ್ದರೆ ಮರೆಯುತ್ತಿರಲಿಲ್ಲ ಎಂದು ಈಗ ನನಗೆ ಚೆನ್ನಾಗಿ ತಿಳಿದಿದೆ, ಆದರೆ ಪುಸ್ತಕ ಕೆಳಗಿನ ಮನೆಯಲ್ಲಿದೆ. ಜಮೀನ್ದಾರನ ಗತಿ ಏನಾಯಿತೆಂದು ಬ್ಲಾಗಿನಲ್ಲೇ ಯಾರನ್ನಾದರೂ ಕೇಳೋಣವೆಂದರೆ, ಅದನ್ನು ಓದುವವರು ಅವರೊಬ್ಬರೇ. ಸದ್ಯಕ್ಕೆ ದಿನಾ ದೇವರಿಗೆ ದೀಪ ಹಚ್ಚುವಾಗ ಆ ಜಮೀನ್ದಾರನಿಗೆ ಒಳ್ಳೆಯದಾಗಲಿ ಎಂದು ಅವನ ಹೆಸರಿನಲ್ಲೂ ಒಂದು ಕೈ ಮುಗಿಯುತ್ತೇನೆ. ಅವನ ಹೆಸರೇನೆಂದು ಮಾತ್ರ ನೆನಪಿಲ್ಲ.