ಖರ್ಜೂರಕ್ಕೊಬ್ಬ ವರ

ನೀರು ಕೇಳದೆ, ನೆರಳು ಬೇಡದೆ, ಯಾರನ್ನೂ ದೂರದೆ ಬದುಕುವ ಜೀವಗಳು ಜಗತ್ತಿನಲ್ಲಿ ಎರಡೇ: ಖರ್ಜೂರದ ಗಿಡ ಮತ್ತು ನಿವೃತ್ತ ಸಾಲಿ ಮಾಸ್ತರ. ಎರಡನೆಯವನು ನಾನು. ಈ ಮಾತನ್ನು ನನ್ನ ಹೆಂಡತಿ ಸುಶೀಲಾ ಒಪ್ಪುವುದಿಲ್ಲ.

ಜಮಖಂಡಿಯ ರಣಬಿಸಿಲಿನಲ್ಲೂ ನಮ್ಮ ಅಂಗಳದ ಖರ್ಜೂರ ಹಸಿರಾಗಿ ನಿಂತಿತ್ತು. ವರ್ಷವೂ ಹೂ ಬಿಡುತ್ತಿತ್ತು. ಹಣ್ಣು ಮಾತ್ರ ಇಲ್ಲ!

“ಈ ಸಲ ಹಣ್ಣು ಆಗಲಿಲ್ಲಂದ್ರ ಕಡಿಸೇ ಬಿಡ್ತೀನ್ರಿ. ಅದರ ಮುಳ್ಳಿಗೆ ನನ್ನ ರಬಕವಿ ಸೀರಿ ಎಷ್ಟು ಹರೀಬೇಕು?”

ನಾನು ಗಂಭೀರವಾಗಿ ವಿಚಾರ ಮಾಡಿದೆ. ಖರ್ಜೂರದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂವಾಗಿಯೂ ಕಾಯಿ ಕಟ್ಟುತ್ತಿಲ್ಲವೆಂದರೆ ನಮ್ಮದು ಹೆಣ್ಣು, ಕೊರತೆ ವರನದು! ಜೀವಮಾನವೆಲ್ಲ ವಿಜ್ಞಾನ ಕಲಿಸಿದವನಿಗೆ ಇಷ್ಟೂ ತಿಳಿಯದೆ?

ವರನನ್ನು ಹುಡುಕಿಕೊಂಡು ಸಾವಳಗಿಗೆ ಹೋದೆ. ಅಲ್ಲಿ ಗೆಳೆಯ ಮಲ್ಲಪ್ಪನ ಹೊಲದಲ್ಲೊಂದು ಗಂಡು ಖರ್ಜೂರವಿತ್ತು. ಅದರ ಬಿಳಿ ಹೂವಿನ ಗೊಂಚಲೊಂದನ್ನು ಕೊಯ್ದು ಕೊಟ್ಟ.

“ಮಾಸ್ತರ, ಇದರ ಪುಡಿ ಹೆಣ್ಣು ಹೂವಿನ ಮ್ಯಾಲೆ ಝಾಡಿಸ್ರಿ, ಆತು. ಗಾಳಿಗೆ ಮಾತ್ರ ಹಿಡೀಬ್ಯಾಡ್ರಿ!”

ತಿರುಗಿ ಬರುವ ಬಸ್ಸಿನ ಕಿಟಕಿ ಮುಚ್ಚಲು ಬರುತ್ತಿರಲಿಲ್ಲ. ಮೊದಲು ಕಂಡಕ್ಟರ್ ಸೀನಿದ. ಆಮೇಲೆ ಇಡೀ ಬಸ್ಸು!

ಪಕ್ಕದ ಅಜ್ಜಿ ಕಣ್ಣೊರೆಸಿಕೊಳ್ಳುತ್ತ, “ಏನ ಹಿಟ್ಟಿನ ಗಿರಣಿ ಹೊತ್ಕೊಂಡು ಹೊಂಟಿಯೋ ಯಪ್ಪಾ?” ಅಂದಳು.

“ಮದುವಿ ಐತವ್ವಾ.”

“ಯಾರದು?”

“ಗಿಡದ್ದು.”

ಅಜ್ಜಿ ಸೀಟು ಬದಲಿಸಿದಳು.

ಮನೆ ಮುಟ್ಟುವಾಗ ಗೊಂಚಲು ಬರಿದಾಗಿ, ಪರಾಗವೆಲ್ಲ ನನ್ನ ತಲೆಯ ಮೇಲಿತ್ತು. ಎದೆಗುಂದಲಿಲ್ಲ. ಗೊಂಚಲನ್ನು ಸುಶೀಲಾಳ ಕೈಗಿತ್ತು, ನಿಚ್ಚಣಿಕೆ ಹತ್ತಿ, ಮುಳ್ಳು ಚುಚ್ಚಿಸಿಕೊಳ್ಳುತ್ತ, ತಲೆಯನ್ನೇ ವಧುವಿನ ಹೂವಿಗೆ ಹಚ್ಚಿ ಝಾಡಿಸಿದೆ. ಸುತ್ತಲೂ ಬಿಳಿ ಮೋಡ ಎದ್ದಿತು! ನನ್ನ ತಲೆಯಲ್ಲಿ ಇಷ್ಟೊಂದು ಸರಕಿತ್ತೇ ಎಂದು ನನಗೇ ಹೆಮ್ಮೆಯಾಯಿತು.

ಕೆಳಗೆ ಸುಶೀಲಾ ಕೈಯಲ್ಲಿನ ಗೊಂಚಲು ನೋಡಿದಳು, ಗಿಡದ ಹೂ ನೋಡಿದಳು.

“ರೀ, ಪುಡಿ ನಿಮ್ಮ ತಲಿಯಿಂದ ಬರಾಕತ್ತಿಲ್ಲ, ನಮ್ಮ ಹೂವಿನಿಂದನ ಬರಾಕತ್ತೈತಿ. ಎರಡೂ ಒಂದ ನಮೂನಿ ಅದಾವಲ್ರೀ?”

ಕಣ್ಣುಜ್ಜಿಕೊಂಡು ನೋಡಿದೆ. ಖರೆ. ವಧುವೂ ಗಂಡು!

ಸುಶೀಲಾ ನಿಚ್ಚಣಿಕೆ ಹಿಡಿದುಕೊಂಡೇ ನಗತೊಡಗಿದಳು. ನಿಚ್ಚಣಿಕೆ ಅಲುಗಾಡಿತು, ಅದರ ಮೇಲಿದ್ದ ವಿಜ್ಞಾನವೂ ಅಲುಗಾಡಿತು.

“ಮೊದಲ ಇಳೀರಿ. ನಿಮ್ಮನ್ನ ಇಟ್ಕೊಂಡೀನಿ, ಇದನ್ನ ಇಟ್ಕೊಳ್ಳಾಕ ಆಗೂದಿಲ್ಲೇನು? ಆದ್ರ ಇಬ್ಬರೂ ಪುಕ್ಕಟ ಇರಾಕ ಬಿಡೂದಿಲ್ಲ.”

ಗಿಡ ಉಳಿಯಿತು. ಅದರ ಗರಿಗಳಿಂದ ಸುಶೀಲಾ ಕಸಬರಿಗೆ ಕಟ್ಟಿಸಿದ್ದಾಳೆ. ಅಂಗಳ ನಾನೇ ಗುಡಿಸುತ್ತೇನೆ.