ಮಾಮಾನ ತಪ್ಪು ಹುಡುಕುವ ಶಿಬಿರ

ಏನಾದರೂ ಕೆಡಿಸಿದವರಿಗೆ ಎಲ್ಲ ಊರಲ್ಲೂ ಬೈಗುಳ ಸಿಗುತ್ತದೆ. ಕೆಡಿಸಿದವರಿಗೆ ಪೇಢೆ ಹಂಚುವ ಪುಣ್ಯಾತ್ಮರು ಇಡೀ ಚಿಕ್ಕೋಡಿಯಲ್ಲಿ ಒಬ್ಬರೇ ಒಬ್ಬರು. ನನ್ನ ಗ್ರಹಚಾರ ನೋಡಿ, ಅವರು ನನ್ನ ಸೋದರಮಾವ!

ಮಾಮಾ ನಿವೃತ್ತ ದೈಹಿಕ ಶಿಕ್ಷಕರು. ಜೀವಮಾನವಿಡೀ ಮಕ್ಕಳನ್ನು ಬಿಸಿಲಲ್ಲಿ ಓಡಿಸಿದವರು ಇನ್ನಾದರೂ ನೆರಳಲ್ಲಿ ಸುಮ್ಮನೆ ಕೂರಬೇಕೋ ಬೇಡವೋ? ಕೂರಲಿಲ್ಲ. ಮೊಬೈಲಿನಲ್ಲಿ ಕನ್ನಡ ಬರೆಯುವ ತಂತ್ರಾಂಶವೊಂದು ಅವರ ಕಣ್ಣಿಗೆ ಬಿತ್ತು. ಎಲ್ಲೆಲ್ಲೋ ಇರುವ ಉತ್ಸಾಹಿಗಳು ಸೇರಿ ಮಾಡುತ್ತಿದ್ದದ್ದು. ಓಪನ್ ಸೋರ್ಸ್ ಅಂತೆ. ಅಂದರೆ ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಬಿಡುಗಡೆಗೆ ಮುಂಚೆ ಅದನ್ನು ಬಳಸಿ ನೋಡಿ ತಪ್ಪು ತಿಳಿಸುವವರು ಬೇಕು ಎಂದು ಅವರು ಕೇಳಿಕೊಂಡಿದ್ದರು. ಕೇಳಿದ್ದು ಜಗತ್ತನ್ನೆಲ್ಲ, ಓಗೊಟ್ಟದ್ದು ನಮ್ಮ ಮಾಮಾ!

“ಪುಕ್ಕಟೆ ಸಾಮಾನಿನ್ಯಾಗ ತಪ್ಪ ಬಿಟ್ಟ ಮತ್ತೇನ್ ಇರ್ತೈತಿ ಮಾಮಾ?” ಎಂದೆ.

“ಅದಕ್ಕ ಹುಡುಕೂದು. ನೀ ಕಾಲೇಜಿನ್ಯಾಗ ಕನ್ನಡ ಕಲಿಸಾಂವ, ನೀನೂ ಬಾ.”

ಹೋದೆ. ಸೇವೆಗಲ್ಲ, ನಗುವುದಕ್ಕೆ.

‘ಮೊಬೈಲ್ ತಂತ್ರಾಂಶ ಕೆಡಿಸಬಲ್ಲವರು ಬೇಕಾಗಿದ್ದಾರೆ’ ಎಂಬ ಚೀಟಿಯನ್ನು ಮಾಮಾ ಅಥಣಿ, ರಾಯಬಾಗದ ತನಕ ಅಂಟಿಸಿ ಬಂದಿದ್ದರು. ಮೊದಲ ರವಿವಾರ ಹಿಟ್ಟಿನ ಗಿರಣಿಯ ಮೇಲಿನ ಖೋಲಿಗೆ ಬಂದವರು ಮೂವರು: ಕಾಗವಾಡದ ದ್ರಾಕ್ಷಿ ಬೆಳೆಗಾರ, ಕರೋಶಿಯ ಎಮ್ಮೆ ಸಾಕುವ ಹೆಣ್ಣುಮಗಳು, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಅಜ್ಜಿ. ಮಾಮಾ ತಾವೇ ಕಾಸಿದ ಚಾ ಎಲ್ಲರಿಗೂ ಕೊಟ್ಟು ಸೀಟಿ ಊದಿದರು. “ಸಾವಧಾನ! ಮೊಬೈಲ್ ತಗೀರಿ! ಒತ್ರಿ!” ತಂತ್ರಾಂಶ ಪರೀಕ್ಷೆಯೋ, ಸ್ವಾತಂತ್ರ್ಯ ದಿನದ ಕವಾಯತೋ!

ದ್ರಾಕ್ಷಿ ಬೆಳೆಗಾರ ತನ್ನ ವ್ಯಾಪಾರಿಗೆ ಕಳಿಸುವ ಹಾಗೆಯೇ ಬರೆದ: “ದ್ರಾಕ್ಷಿ ಪಾಹಿಜೆ ಅಂದ್ರ ಲವಕರ ಬರ್ರಿ.” ಬೇಕಿದ್ದರೆ ಬೇಗ ಬನ್ನಿ ಅಂತ; ಅರ್ಧ ಕನ್ನಡ, ಅರ್ಧ ಮರಾಠಿ. ತಂತ್ರಾಂಶ ಅದನ್ನು ಶುದ್ಧಗೊಳಿಸಲು ಎರಡು ಸಲ ಹೆಣಗಿ, ಮೂರನೆಯ ಸಲಕ್ಕೆ ಕಣ್ಣು ಮುಚ್ಚಿತು. “ಬಿತ್ತು! ಬಿತ್ತು!” ಎಂದು ಮಾಮಾ ಕುಣಿದರು. ಗಿರಣಿಯವನು ಮೈಯೆಲ್ಲ ಹಿಟ್ಟಾಗಿಸಿಕೊಂಡು ಮೇಲೆ ಓಡಿಬಂದ. “ಯಾರ ಬಿದ್ರರಿ ಮಾಸ್ತರ? ಪೆಟ್ಟಾತೇನ್ರಿ?” ಉತ್ತರವಾಗಿ ಅವನ ಬಾಯಿಗೆ ಒಂದು ಪೇಢೆ!

ಮುಂದಿನ ವಾರ ಕರೋಶಿಯ ಹೆಣ್ಣುಮಗಳು ಮೊಬೈಲ್ ಹಿಡಿದು ಐದು ನಿಮಿಷ ಕೂತಳು. ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟು, ಚೀಲ ಎತ್ತಿಕೊಂಡು, ಬಸ್ಸು ಹತ್ತಿ ಊರಿಗೇ ಹೋಗಿಬಿಟ್ಟಳು. ಮಾಮಾ ಗಾಬರಿಯಾಗಿ ಫೋನ್ ಮಾಡಿದರು.

“ಅದರಾಗ ‘ನಿರ್ಗಮಿಸಿ’ ಅಂತ ಬಂತಲ್ರಿ. ಬಸ್ ಸ್ಟ್ಯಾಂಡಿನ್ಯಾಗ ಹೊರಗ ಹೋಗು ಗೇಟಿಗೆ ಹಂಗ ಬರದಾರ. ಹೋಗು ಅಂದಮ್ಯಾಲ ಹೆಂಗ ಕುಂದರ್ಲಿರಿ?”

ಮಾಮಾ ತಕ್ಷಣ ವರದಿ ಬರೆದರು: ‘ತಂತ್ರಾಂಶವು ಹೆಣ್ಣುಮಗಳೊಬ್ಬಳನ್ನು ಹೊರಗೆ ಹಾಕಿದೆ.’ ತಯಾರಕರಿಂದ ಉತ್ತರ ಬಂತು: ‘ನಮ್ಮಲ್ಲಿ ಹಾಗೆ ಆಗುತ್ತಿಲ್ಲ.’

“ಅವರಲ್ಲಿ ಹೆಂಗ ಆಗಬೇಕಲೇ? ಅವರಲ್ಲಿ ಕರೋಶಿ ಇಲ್ಲಲ್ಲ!”

ಇದನ್ನೆಲ್ಲ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅಭಿನಯ ಸಮೇತ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಹೊಸ ಕಥೆ ಬೇಕಾದಾಗಲೆಲ್ಲ ಗಿರಣಿಯ ಮೆಟ್ಟಿಲು ಹತ್ತುತ್ತಿದ್ದೆ.

ಬೀಡಿ ಕಟ್ಟುವ ಅಜ್ಜಿ ಮಾತ್ರ ಮೂರು ರವಿವಾರ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಿದ್ದಳು. ನಾಲ್ಕನೆಯ ವಾರ ಮಾಮಾನ ಒತ್ತಾಯಕ್ಕೆ ಕೈ ಹೊರತೆಗೆದಳು. ಎಲೆ, ತಂಬಾಕು ಸುತ್ತಿ ಸುತ್ತಿ ಬೆರಳ ತುದಿಗಳು ಒಣಗಿ ಗಟ್ಟಿಯಾಗಿದ್ದವು. ಒಮ್ಮೆ ಒತ್ತಿದರೆ ಅಕ್ಷರ ಮೂಡುತ್ತಲೇ ಇರಲಿಲ್ಲ. ಜೋರಾಗಿ ಒತ್ತಿದರೆ ಪಕ್ಕದ್ದು ಮೂಡುತ್ತಿತ್ತು.

“ಮಾಮಾ, ಇದು ತಂತ್ರಾಂಶದ ತಪ್ಪಲ್ಲ. ಬೆರಳಿನ ತಪ್ಪು,” ಎಂದೆ ನಾನು, ಪಂಡಿತನ ಗತ್ತಿನಲ್ಲಿ.

ಅಜ್ಜಿಗೆ ಕೇಳಿಸಿತು. ಎದ್ದು ನಿಂತಳು. “ಖರೇ ಐತ್ರಿ ಸರ. ನನ್ನ ಬೆರಳ ಸತ್ತಾವ್ರಿ. ನಾ ಇನ್ನ ಬರೂದಿಲ್ಲರಿ ಮಾಸ್ತರ.”

ಮಾಮಾ ನನ್ನ ಕಡೆ ನೋಡಲೇ ಇಲ್ಲ. “ಕುಂದರ ಬೇ ಯವ್ವಾ,” ಎಂದರು. ಅಷ್ಟು ಮೆತ್ತಗಿನ ದನಿ ಅವರಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. “ಇಷ್ಟ ವರ್ಷ ದುಡದ ಬೆರಳಿನ್ಯಾಗ ಏನ್ ತಪ್ಪ ಇರ್ತೈತಿ? ಇಂಥಾ ಬೆರಳ ಇರ್ತಾವಂತ ಅದನ್ನ ಮಾಡಿದವರಿಗೆ ಗೊತ್ತಿಲ್ಲ. ನೀ ಎದ್ದ ಹೋದ್ರ ಯಾರ ಹೇಳಬೇಕ ಅವರಿಗೆ?”

ಅಜ್ಜಿ ಕೂತಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅಜ್ಜಿಯ ಬೆರಳಿನ ವರದಿ ಹೋಯಿತು. ಬಿಡುಗಡೆಯ ದಿನ ನಿಗದಿಯಾಗಿದೆ, ಇನ್ನು ಬದಲಾವಣೆ ಸಾಧ್ಯವಿಲ್ಲ ಎಂದು ತಯಾರಕರು ಬರೆದರು. ಮಾಮಾ ಅಜ್ಜಿಯ ಬೆರಳಿನಂತೆ ಗಟ್ಟಿಯಾಗಲೆಂದು ತಮ್ಮ ಹತ್ತೂ ಬೆರಳಿಗೆ ಅಂಟು ಬಳಿದು, ಒಣಗಿಸಿ, ಒಂದೊಂದೇ ಅಕ್ಷರ ಒತ್ತಿ, ಯಾವುದು ಮೂಡಿತು, ಯಾವುದು ಮೂಡಲಿಲ್ಲ ಎಂದು ದಿನಾ ಬರೆದು ಕಳಿಸಿದರು. ಆ ಕೈಯಲ್ಲಿ ಊಟ ಮಾಡಲಾಗದೆ ಅತ್ತೆಯಿಂದ ಬೈಸಿಕೊಂಡರು. ಕೊನೆಗೆ ತಯಾರಕರೇ ಸೋತರು. ಬಿಡುಗಡೆ ಮುಂದಕ್ಕೆ ಹೋಯಿತು. ತಿದ್ದಿದ ತಂತ್ರಾಂಶ ಬಂತು: ಅಗಲವಾದ ಅಕ್ಷರಗಳು, ನಿಧಾನ ಬೆರಳಿಗೆ ಕಾಯುವ ತಾಳ್ಮೆ.

ಆ ರವಿವಾರ ಅಜ್ಜಿ ಕಾಲು ಗಂಟೆ ತಗೊಂಡು ಒಂದೇ ಒಂದು ಸಾಲು ಬರೆದಳು. ಯಾರ ಸಹಾಯವನ್ನೂ ಕೇಳಲಿಲ್ಲ. ಬರೆದಾದ ಮೇಲೆ ಮೊಬೈಲನ್ನು ಮಾಮಾನ ಕೈಗಿಟ್ಟಳು. ನಾನೂ ಇಣುಕಿದೆ.

‘ಮಾಸ್ತರ ನಿಮ್ಮ ಚಾದಾಗ ಸಕ್ರಿ ಇಲ್ಲ.’

ಮಾಮಾ ಅದನ್ನು ಎರಡು ಸಲ ಓದಿದರು. ಚಾಳೀಸು ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

ನಾನು ಎದ್ದು ಕೆಳಗಿನ ಅಂಗಡಿಗೆ ಸಕ್ಕರೆ ತರಲು ಹೋದೆ.