ನಾಟಿ ಮೊಟ್ಟೆಯ ನಾಟಿ

"ಇನ್ನೈದೇ ನಿಮಿಷ ಕಣಕ್ಕ. ನಿನ್ ಮರ್ವಾದೆ ವಾಪಸ್ ನಿನ್ ಕೈಗೆ ಬತ್ತದೆ" ಎಂದು ನನ್ನ ತಮ್ಮ ಜವರೇಶ ನಮ್ಮ ಹಿತ್ತಲಿನಲ್ಲಿದ್ದ ಯಂತ್ರದ ಮೇಲಿನ ಗೋಣಿತಾಟನ್ನು ಸರ್ರನೆ ಎಳೆದ.

ಒಳಗಿದ್ದದ್ದನ್ನು ನೋಡಿ ಸಂತೆ ಸಮಿತಿಯ ಅಧ್ಯಕ್ಷ ಮಂಚೇಗೌಡರು ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಸರಿಸಿಕೊಂಡರು. ಮೂಲದಲ್ಲಿ ಅದು ಭತ್ತ ನಾಟಿ ಮಾಡುವ ಯಂತ್ರ. ಯಾರೋ ಗುಜರಿಗೆ ಹಾಕಿದ್ದನ್ನು ಜವರೇಶ ಹೊತ್ತು ತಂದು, ಅದರ ಆರು ಕಬ್ಬಿಣದ ಕೈಗಳನ್ನು ಹಾಗೇ ಉಳಿಸಿ, ನೆತ್ತಿಗೆ ಸೋಲಾರ್ ಹಲಗೆ ಕೂರಿಸಿ, ಎರಡು ಗಾಜಿನ ಕಣ್ಣು, ಹೇಳಿದ್ದನ್ನು ಕೇಳುವ ಕಿವಿ, ಮಾತಾಡುವ ಬಾಯಿ ಎಲ್ಲವನ್ನೂ ಇಟ್ಟಿದ್ದ. ಪಂಪ್‌ಸೆಟ್ ರಿಪೇರಿ ಮಾಡುವವನಿಗೆ ಈ ಉಸಾಬರಿ ಯಾಕೆ ಎಂದು ನಾನು ಇಪ್ಪತ್ತು ವರ್ಷದಿಂದ ಬೈಯುತ್ತಲೇ ಬಂದಿದ್ದೇನೆ. ಈ ಸಲ ಮಾತ್ರ ಬಾಯಿ ಮುಚ್ಚಿಕೊಂಡಿದ್ದೆ, ಯಾಕೆಂದರೆ ಸಿಕ್ಕಿಹಾಕಿಕೊಂಡಿದ್ದವಳು ನಾನು.

ನಾನು ಸಾಕುವುದು ಅಪ್ಪಟ ನಾಟಿ ಕೋಳಿ. ಆದರೆ ನನ್ನ ಕೋಳಿಗಳ ಕಿವಿ ಬಿಳಿ, ಅಂಥ ತಳಿಯ ಮೊಟ್ಟೆಯೂ ಬಿಳಿ. ಸಂತೆಯಲ್ಲಿ ನನ್ನ ಪಕ್ಕ ಕೂರುವ ಕೆಂಚಪ್ಪನ ಮೊಟ್ಟೆ ಚೆನ್ನಾಗಿ ಕಾಸಿದ ಟೀ ಬಣ್ಣ. ಅವನು "ಅಸಲಿ ನಾಟಿ ಮೊಟ್ಟೆ" ಎಂದು ಬೋರ್ಡು ಬರೆಸಿ, ಕಂದು ಇದ್ದರೆ ನಾಟಿ, ಬಿಳಿ ಇದ್ದರೆ ಫಾರಂ ಎಂದು ಸಂತೆಗೆಲ್ಲ ಸಾರಿಬಿಟ್ಟ. ಬಾಣಂತಿ ಮಗಳಿಗೆಂದು ನನ್ನಿಂದ ಮೊಟ್ಟೆ ಒಯ್ದಿದ್ದ ಮಂಚೇಗೌಡರೇ ಬುಟ್ಟಿ ತಂದು ನನ್ನ ಮುಂದೆ ಕುಕ್ಕಿದರು. "ಬಾಣಂತಿಗೂ ಮೋಸ ಮಾಡ್ತೀಯಲ್ಲ ತಾಯಕ್ಕ" ಎಂದರು. ನಾಟಿ ಎಂದು ಸಾಬೀತು ಮಾಡು, ಇಲ್ಲವೇ ಹೊಂಗೆ ಮರದ ಕೆಳಗಿನ ಜಾಗ ಬಿಡು ಎಂದು ತೀರ್ಪೂ ಆಯಿತು. ಮೂವತ್ತು ವರ್ಷ ಕೂತ ಜಾಗ. ಆವತ್ತು ಮನೆಗೆ ಬಂದು ಕೋಳಿ ಗೂಡಿನ ಮುಂದೆ ಕೂತು ಅತ್ತೆ. ಕೋಳಿಗಳಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

"ಬಣ್ಣ ಬರೋದು ಕೋಳಿ ತಳಿಯಿಂದ. ಮೊಟ್ಟೆ ಈಚೆ ಬರೋಕೆ ಮುಂಚೆ ಸಿಪ್ಪೆಗೆ ಕೋಳಿನೇ ಸುಣ್ಣ ಬಣ್ಣ ಮಾಡಿ ಕಳಿಸ್ತದೆ. ಒಳಗಿರೋದಕ್ಕೂ ಅದಕ್ಕೂ ಸಂಬಂಧ ಇಲ್ಲ" ಎಂದು ಜವರೇಶ ಭಾಷಣ ಮಾಡಿದ. "ಈ ಯಂತ್ರ ಬಣ್ಣ ನೋಡಕಿಲ್ಲ. ಒಳಗೆ ಜೀವ ಅದಾ ಇಲ್ವಾ ನೋಡಿ, ನಾಟಿನೋ ಫಾರಮ್ಮೋ ಬಾಯಿಬಿಟ್ಟು ಯೋಳ್ತದೆ."

ನನ್ನ ಮೂವತ್ತು ಬಿಳಿ ಮೊಟ್ಟೆ, ಕೆಂಚಪ್ಪ ತಾನೇ ಹೊತ್ತು ತಂದಿದ್ದ ಮೂವತ್ತು ಕಂದು ಮೊಟ್ಟೆ ತಟ್ಟೆಗೆ ಬಿದ್ದವು. ಯಂತ್ರ ನನ್ನದೊಂದನ್ನು ಎತ್ತಿ, ದೀಪಕ್ಕೆ ಹಿಡಿದು, ಗಂಟಲು ಸರಿಮಾಡಿಕೊಂಡು "ನಾಟಿ" ಎಂದಿತು.

ನನ್ನ ಕಣ್ಣು ತುಂಬಿ ಬಂತು. ಆದರೆ ಯಂತ್ರ ಆಡಿದ ಮಾತನ್ನು ಯಂತ್ರದ ಕಿವಿಯೇ ಕೇಳಿಸಿಕೊಂಡಿತ್ತು. ಹುಟ್ಟಿದಾಗಿನಿಂದ ಅದಕ್ಕೆ ಗೊತ್ತಿದ್ದ ನಾಟಿ ಒಂದೇ. ಅದು ತಟ್ಟೆಯ ಸಮೇತ ಗಡಗಡ ಉರುಳಿ, ಮೂಲೆಯಲ್ಲಿ ಮೆತ್ತಗಿದ್ದ ನನ್ನ ತಿಪ್ಪೆಗೆ ಹೋಗಿ, ಮೊಟ್ಟೆಯನ್ನು ಪೈರಿನಂತೆ ನೆಟ್ಟುಬಿಟ್ಟಿತು.

"ಏನ್ಲಾ ಇದು?" ಎಂದೆ.

"ಅಯ್ಯೋ, ನಾಟಿ ಅಂದ್ರೆ ನಾಟಿ ಮಾಡು ಅಂದ್ಕತು ಕಣಕ್ಕ."

ಆ ಒಂದು ವಾಕ್ಯಕ್ಕೇ ಎರಡು ಮೊಟ್ಟೆ ತಿಪ್ಪೆ ಸೇರಿದವು.

"ತಮ್ಮ ಮಾಡಿದ ಯಂತ್ರ ಅಕ್ಕನ ಮೊಟ್ಟೆನ ನಾಟಿ ಅನ್ನದೆ ಇನ್ನೇನು ಅಂದಾತು?" ಎಂದು ಕೆಂಚಪ್ಪ ಎದ್ದು ನಿಂತ. "ನಂದು ನಾಟಿ. ನಮ್ಮಪ್ಪನ ಕಾಲದಿಂದ ನಾಟಿ. ಕೇಳ್ರಿ ಯಾರ್ನಾದ್ರೂ, ನಾಟಿ, ನಾಟಿ, ನಾಟಿ." ಪ್ರತಿ ಸಲಕ್ಕೂ ಒಂದೊಂದು. ನಾನೇನು ಸುಮ್ಮನಿರುವವಳೇ? "ನಿಂದ್ಯಾವ ಸೀಮೆ ನಾಟಿನಯ್ಯ, ನಂದು ನಾಟಿ" ಎಂದೆ. ಇಬ್ಬರೂ ಜಗಳವಾಡಿದ ರಭಸಕ್ಕೆ ಅರವತ್ತು ಮೊಟ್ಟೆಯೂ ಸಾಲು ಹಿಡಿದು ನೆಲ ಕಂಡವು. ಆಮೇಲೂ ನಮ್ಮ ಬಾಯಿ ನಿಲ್ಲಲಿಲ್ಲ. ಯಂತ್ರ ಜವರೇಶನ ಸ್ಪ್ಯಾನರು, ಕೆಂಚಪ್ಪನ ಎಡಗಾಲಿನ ಚಪ್ಪಲಿ, ಮಂಚೇಗೌಡರ ಎಲೆಅಡಿಕೆ ಡಬ್ಬಿ ಎಲ್ಲವನ್ನೂ ಅದೇ ಶ್ರದ್ಧೆಯಿಂದ ನೆಟ್ಟಿತು.

"ನಿಲ್ಲು!" ಎಂದು ಜವರೇಶ ಕಿರುಚಿದ.

ಯಂತ್ರ ನಿಂತಿತು. ಅಂದರೆ ಮಂಡಿ ಬಿಚ್ಚಿ, ಆಳೆತ್ತರ ಎದ್ದು, ತಿಪ್ಪೆಯ ಮೇಲೆ ಕಾವಲುಗಾರನಾಗಿ ನಿಂತಿತು. ಮೊಟ್ಟೆ ಕೀಳಲು ಹೋದ ಕೆಂಚಪ್ಪನ ಬೆನ್ನಿಗೆ ಆರರಲ್ಲಿ ಎರಡು ಕೈ ಬಿದ್ದವು. ಅವನು ಒಂದೇ ಚಪ್ಪಲಿಯಲ್ಲಿ ಬೇಲಿ ಹಾರಿದ.

"ಸಾಬೀತು ಆಗ್ಲಿಲ್ಲ. ಜಾಗ ಬುಡು ತಾಯಕ್ಕ" ಎಂದು ಮಂಚೇಗೌಡರು ಎದ್ದು ಹೋದರು. ಮುಂದಿನ ಸಂತೆಯ ದಿನ ಹೊಂಗೆ ಮರದ ಕೆಳಗೆ ಕೆಂಚಪ್ಪ ಕಾಲು ಚಾಚಿ ಕೂತಿದ್ದನಂತೆ. ಅದನ್ನು ಕೇಳಿ ನಾನು ಎರಡು ದಿನ ಜವರೇಶನಿಗೆ ಅನ್ನ ಬಡಿಸಲಿಲ್ಲ.

ಯಂತ್ರ ಮಾತ್ರ ತಿಪ್ಪೆ ಬಿಟ್ಟು ಕದಲಲಿಲ್ಲ. ಬಿಸಿಲು ಇರುವ ತನಕ ಅದರ ಹೊಟ್ಟೆಗೆ ಕೊರತೆಯಿಲ್ಲ. ಅದರ ಕಷ್ಟ ಬೇರೆಯದೇ ಇತ್ತು. ಪೈರಿಗಾದರೆ ಮೇಲೆ ಎಲೆ, ಕೆಳಗೆ ಬೇರು. ಮೊಟ್ಟೆಗೆ ಯಾವುದು ಯಾವ ಕಡೆ? ಬೆಳಿಗ್ಗೆ ಎಲ್ಲವನ್ನೂ ಕಿತ್ತು ತಿರುಗಿಸಿ ನೆಡುತ್ತಿತ್ತು. ಮಧ್ಯಾಹ್ನ ಅನುಮಾನ ಬಂದು ಮತ್ತೆ ತಿರುಗಿಸುತ್ತಿತ್ತು. ಸಂಜೆ ಇನ್ನೊಂದು ಸಲ. ಗೊಬ್ಬರ ಒಣಗಿದರೆ ನೀರು ಚಿಮುಕಿಸುತ್ತಿತ್ತು, ಬಿಸಿ ಹೆಚ್ಚಾದರೆ ಕೆದಕಿ ಗಾಳಿ ಆಡಿಸುತ್ತಿತ್ತು. ಮಂಚೇಗೌಡರು ತಮ್ಮ ಡಬ್ಬಿ ಸಿಕ್ಕೀತೇನೋ ಎಂದು ದಿನಾ ಬೇಲಿಯಾಚೆ ನಿಂತು ನೋಡಿ ಹೋಗುತ್ತಿದ್ದರು. ಅವರು ಬಂದರೆ ಹಿಂದೆಯೇ ಕೆಂಚಪ್ಪ, ನನ್ನನ್ನು ನೋಡಿ ನಗುವುದಕ್ಕೆ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆಯೂ ಇಬ್ಬರೂ ಬೇಲಿಯ ಹತ್ತಿರವೇ ಇದ್ದರು. ಆಗ ತಿಪ್ಪೆಯೊಳಗಿನಿಂದ ಕೀಚ್ ಎಂದಿತು.

ಮೊದಲನೆಯ ಸಾಲಿನಲ್ಲಿ ಒಂದು ಬಿಳಿ ಸಿಪ್ಪೆ ಬಿರಿದು ಒದ್ದೆ ತಲೆಯೊಂದು ಹೊರಗೆ ಬಂತು. ಅದರ ಪಕ್ಕ ಇನ್ನೊಂದು, ಆಮೇಲೆ ಮತ್ತೊಂದು. ಬಿಸಿಲೇರುವ ಹೊತ್ತಿಗೆ ತಿಪ್ಪೆಯ ತುಂಬ ಕೋಳಿಮರಿಗಳ ಬೆಳೆ ಎದ್ದಿತ್ತು. ನಾನು ಬೆರಳು ಮಡಚಿ ಎಣಿಸಿದೆ. ಇಪ್ಪತ್ತಾರು. ಅಷ್ಟೂ ಬಿಳಿ ಸಿಪ್ಪೆಯಿಂದ ಬಂದವು. ಕಂದು ಮೊಟ್ಟೆಗಳಲ್ಲಿ ಒಂದೂ ಅಲುಗಾಡಲಿಲ್ಲ. ಕೊಳೆತಿದ್ದ ಒಂದು ಮಾತ್ರ ಢಬ್ ಎಂದು ಒಡೆದು, ಬೇಲಿಗೆ ಮುಖವಿಟ್ಟು ನೋಡುತ್ತಿದ್ದ ಕೆಂಚಪ್ಪನ ಮೀಸೆಗೆ ಹಾರಿತು.

"ನೋಡಿ ಗೌಡ್ರೇ" ಎಂದೆ. ನನ್ನ ದನಿ ಊರ ಬಾಗಿಲಿನ ತನಕ ಕೇಳಿಸಿತಂತೆ. "ನನ್ ಕೋಳಿ ಬೀದಿ ಸುತ್ಕಂಡು, ಹುಂಜದ ಜೊತೆ ಸಂಸಾರ ಮಾಡ್ಕಂಡು ಬದುಕ್ತವೆ. ಮರಿ ಆಯ್ತವೆ. ಇವನ ಕೋಳಿ ಫಾರಂ ಗೂಡ್ನಾಗೆ ಹುಂಜದ ಮುಖನೇ ಕಂಡಿಲ್ಲ. ಸಿಪ್ಪೆ ಕೆಂಪಗಿದ್ರೆ ಆಯ್ತಾ?"

ಕೆಂಚಪ್ಪ ಮೀಸೆ ಒರೆಸಿಕೊಳ್ಳುತ್ತ, "ನಂಗೆ ಕೋಳಿ ಮಾರಿದೋನು ನಾಟಿ ಅಂತ್ಲೇ ಅಂದಿದ್ದ" ಎಂದು ಗೊಣಗಿ ಜಾಗ ಖಾಲಿ ಮಾಡಿದ. ಮಂಚೇಗೌಡರು ಮಾತ್ರ ದೊಡ್ಡ ಮನುಷ್ಯರ ಹಾಗೆ ನಡೆದುಕೊಂಡರು. ಆ ವಾರ ತುಂಬಿದ ಸಂತೆಯಲ್ಲಿ ಅವರೇ ಹೊಂಗೆ ಮರದ ಕೆಳಗೆ ಚಾಪೆ ಹಾಸಿ, "ತಪ್ಪಾಯ್ತು ತಾಯಕ್ಕ, ಕೂತ್ಕೊ" ಎಂದರು. ಮಹಾರಾಣಿಯೂ ಅಷ್ಟು ಠೀವಿಯಿಂದ ಕೂತಿರಲಿಕ್ಕಿಲ್ಲ! ಮೊದಲನೆಯ ಬುಟ್ಟಿ ಅವರ ಬಾಣಂತಿ ಮಗಳಿಗೇ ಹೋಯಿತು.

ಸಂಜೆ ಮನೆಗೆ ಬಂದರೆ ಜವರೇಶ ಎದೆಯುಬ್ಬಿಸಿಕೊಂಡು ನಿಂತಿದ್ದ. "ಅಂತೂ ನನ್ ಯಂತ್ರ ಗೆಲ್ತು ಕಣಕ್ಕ."

"ಗೆದ್ದಿದ್ದು ನನ್ ಕೋಳಿ ಕಣ್ಲಾ. ನಿನ್ ಯಂತ್ರ ಕಾವು ಕೂತಿತ್ತು, ಅಷ್ಟೇಯ."

ಕೂತಿತ್ತು ಎಂದದ್ದು ನನ್ನದೇ ತಪ್ಪು, ಅದು ಇನ್ನೂ ಕೂತಿದೆ. ಇಪ್ಪತ್ತಾರು ಮರಿಗಳನ್ನು ಹೊಟ್ಟೆಯಡಿ ಸೇರಿಸಿಕೊಂಡು, ಹತ್ತಿರ ಹೋದರೆ ಮಾಡಿದವನೆಂದೂ ನೋಡದೆ ಜವರೇಶನ ಬೆರಳು ಕುಕ್ಕುತ್ತಿದೆ. ಕೋಳಿ ಕಾವು ಬಿಡದಿದ್ದರೆ ನಾವು ಎತ್ತಿ ಒಂದು ಸಲ ನೀರಿನಲ್ಲಿ ಅದ್ದುತ್ತೇವೆ. ಹಾಗೇ ಮಾಡು ಎಂದು ಅವನಿಗೂ ಹೇಳಿದ್ದೇನೆ. ಯಂತ್ರ ನಾಲ್ಕು ಕ್ವಿಂಟಲ್ ಇರುವುದರಿಂದ ಎತ್ತುವುದಕ್ಕೆ ಜನ ಹುಡುಕುತ್ತಿದ್ದಾನೆ.